ಹುವಾರಾಸ್‌ನಲ್ಲಿ ಎರಡನೇ ದಿನ: ವಿಲ್ಕಕೋಚ ಚಾರಣ ಮತ್ತು ಹಾಸ್ಟೆಲ್ ವಾಸದ ಸಮಗ್ರ ಮಾರ್ಗದರ್ಶಿ

ಪೆರು ದೇಶದ ಹುವಾರಾಸ್ ಪಟ್ಟಣ ಲಿಮಾದಿಂದ ಬಸ್ಸಿನಲ್ಲಿ ಸುಮಾರು ಎಂಟು ಗಂಟೆಯ ದಾರಿ. ಕಡಲತೀರದಲ್ಲಿ ರಾತ್ರಿ ಬಸ್ಸು ಹತ್ತಿದವರು ನಿದ್ದೆಯಲ್ಲೇ 4,100 ಮೀಟರ್ ಎತ್ತರದ ಕೊನೊಕೋಚ ಬಯಲು ದಾಟಿ, ಬೆಳಗ್ಗೆ 3,050 ಮೀಟರ್ ಎತ್ತರದಲ್ಲಿ ಕಣ್ಣು ಬಿಡುತ್ತಾರೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯೇ ಸುಮಾರು 1,930 ಮೀಟರ್. ಇಲ್ಲಿ ಬಸ್ ನಿಲ್ದಾಣವೇ ಅದಕ್ಕಿಂತ ಸಾವಿರ ಮೀಟರಿಗೂ ಮೇಲಿದೆ. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇ. 70ರಷ್ಟು ಮಾತ್ರ.

ಹೀಗೆ ಬಂದಿಳಿದವರಲ್ಲಿ ಬಹಳಷ್ಟು ಮಂದಿ ಮರುದಿನವೇ ಲಗೂನಾ 69ಕ್ಕೆ ಹೆಸರು ಬರೆಸುತ್ತಾರೆ. ಅದು ಸುಮಾರು 4,600 ಮೀಟರ್ ಎತ್ತರದ ನೀಲಿ ಸರೋವರ, ಫೋಟೊಗಳಲ್ಲಿ ಎಲ್ಲರೂ ನೋಡಿರುವಂಥದ್ದು. ಒತ್ತಡ ಅಲ್ಲಿ ಶೇ. 56ರ ಆಸುಪಾಸಿಗೆ ಇಳಿಯುತ್ತದೆ. ಕೊನೆಯ ಏರಿನಲ್ಲಿ ವಾಂತಿ ಮಾಡಿಕೊಂಡು, ಮೂರು ಗಂಟೆಯ ವ್ಯಾನ್ ಪ್ರಯಾಣದಲ್ಲಿ ತಲೆ ಹಿಡಿದುಕೊಂಡು ವಾಪಸಾಗುವವರು ಪ್ರತಿ ಸೀಸನ್ನಿನಲ್ಲೂ ಸಿಗುತ್ತಾರೆ. ಆಮೇಲಿನ ಎರಡು ದಿನ ಹಾಸಿಗೆಯಲ್ಲೇ ಕಳೆಯುತ್ತದೆ. ಎರಡನೇ ದಿನಕ್ಕೆ ಸರಿಯಾದ ಚಾರಣ ವಿಲ್ಕಕೋಚ ಎಂಬ ಸಣ್ಣ ಸರೋವರದ್ದು. ಎತ್ತರ ಸುಮಾರು 3,725 ಮೀಟರ್, ಏರಬೇಕಾದದ್ದು ಹೆಚ್ಚು ಕಡಿಮೆ 600 ಮೀಟರ್, ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ, ರಾತ್ರಿ ಮತ್ತೆ 3,050ರಲ್ಲೇ ಮಲಗುತ್ತೀರಿ. ಇಡೀ ದಿನದ ಉದ್ದೇಶ ದೇಹವನ್ನು ಎತ್ತರಕ್ಕೆ ಒಗ್ಗಿಸುವುದು. ಎಷ್ಟು ಹೊತ್ತಿಗೆ ಹೊರಡಬೇಕು, ಏನು ತಿನ್ನಬೇಕು, ಎಷ್ಟು ಹೊರಬೇಕು ಎಂಬುದೆಲ್ಲ ಅದರ ಮೇಲೇ ನಿಂತಿದೆ.

ಭಾರತದಿಂದ ಹೊರಡುವ ಮುನ್ನ

ಮರೆಯಬಾರದ್ದು ಹಳದಿ ಜ್ವರದ ಲಸಿಕೆ. ಲಸಿಕೆಯನ್ನು ಕೇಳುವುದು ಪೆರು ಅಲ್ಲ, ವಾಪಸಾಗುವಾಗ ಭಾರತ. ನೀವು ಅಮೆಜಾನ್ ಕಾಡಿಗೆ ಕಾಲಿಡದೆ ಬೆಟ್ಟಗಳಲ್ಲೇ ಇದ್ದರೂ ಭಾರತದ ಪಟ್ಟಿಯಲ್ಲಿ ಪೆರು ಇಡೀ ದೇಶವೇ ಇದೆ. ಪೆರು ಬಿಟ್ಟ ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಹಳದಿ ಪುಸ್ತಿಕೆ ತೋರಿಸಬೇಕು, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ, ಹಾಗಾಗಿ ಕೊನೇ ವಾರಕ್ಕೆ ಬಿಡಬೇಡಿ.

ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಶೆಂಗೆನ್ ವೀಸಾ ಕನಿಷ್ಠ ಆರು ತಿಂಗಳ ಮಟ್ಟಿಗೆ ಊರ್ಜಿತವಿದ್ದರೆ ಭಾರತೀಯರು ಪ್ರತ್ಯೇಕ ವೀಸಾ ಇಲ್ಲದೆ ಪೆರುವಿಗೆ ಪ್ರವಾಸಿಗರಾಗಿ ಹೋಗಬಹುದು. ಟಿಕೆಟ್ ಕೊಳ್ಳುವ ಮೊದಲು ದೂತಾವಾಸದಲ್ಲಿ ಒಮ್ಮೆ ಕೇಳಿಕೊಳ್ಳಿ.

ವಿದ್ಯುತ್ 220 ವೋಲ್ಟ್, ಸಾಕೆಟ್ಟು ಎರಡು ಪಿನ್ನಿನದು. ನಮ್ಮ ತೆಳು ಪಿನ್ನಿನ ಮೊಬೈಲ್ ಚಾರ್ಜರ್ ಹಾಗೇ ಕೂರುತ್ತದೆ, ದಪ್ಪ ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ತಿಂಡಿಯ ಪೊಟ್ಟಣ ಒಯ್ಯುವವರು ಸೀಲ್ ಆದ, ಸಂಸ್ಕರಿಸಿದ ಪದಾರ್ಥವನ್ನಷ್ಟೇ ಒಯ್ಯಿರಿ. ಹಸಿ ಕಾಳು, ಬೀಜಗಳನ್ನು ವಿಮಾನ ನಿಲ್ದಾಣದ ಕೃಷಿ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಅವಲಕ್ಕಿ ಪೊಟ್ಟಣ ಅತ್ಯುತ್ತಮ ಆಯ್ಕೆ, ಕಾರಣ ಅಡುಗೆಮನೆಯ ಭಾಗದಲ್ಲಿದೆ.

ಹಾಸ್ಟೆಲ್ ಆರಿಸುವಾಗ

ಡಾರ್ಮ್ (ಹಲವರು ಹಂಚಿಕೊಳ್ಳುವ ಕೋಣೆ) ಹಾಸಿಗೆಗೆ 30ರಿಂದ 50 ಸೋಲ್ ಆಗುತ್ತದೆ. ಒಂದು ಸೋಲ್ ಎಂದರೆ ಸುಮಾರು 25 ರೂಪಾಯಿ ಎಂದು ಲೆಕ್ಕ ಹಿಡಿಯಿರಿ. ಬೆಲೆಗಿಂತ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ಬೆಳಗ್ಗೆ ಆರಕ್ಕೆ ಬಸ್ಸಿಳಿದು ಬಂದರೆ ಬ್ಯಾಗಿಟ್ಟು ಕೂರಲು ಜಾಗ ಕೊಡುತ್ತೀರಾ? ಬಿಸಿನೀರು ಗ್ಯಾಸಿನದೋ, ವಿದ್ಯುತ್ ಶವರಿನದೋ? ಅಡುಗೆಮನೆ ಬಳಸಬಹುದೇ? ಕುಡಿಯುವ ನೀರು ತುಂಬಿಸಿಕೊಳ್ಳಲು ಕ್ಯಾನ್ ಇದೆಯೇ? ಕೋಣೆ ಬೆಚ್ಚಗಿಡುವ ಹೀಟರ್ ಕೇಳುವುದು ದಂಡ, ಇಲ್ಲಿ ಬಹುತೇಕ ಯಾರೂ ಇಡುವುದಿಲ್ಲ. ಬದಲಿಗೆ ಕಂಬಳಿ ಎಷ್ಟು ಕೊಡುತ್ತಾರೆ ಎಂದು ಕೇಳಿ, ಮೂರಾದರೂ ಬೇಕು.

ಪಾಸ್‌ಪೋರ್ಟ್ ಮತ್ತು ವಲಸೆ ಇಲಾಖೆಯ ಪ್ರವೇಶ ದಾಖಲೆ ತೋರಿಸಿದ ವಿದೇಶಿ ಪ್ರವಾಸಿಗರಿಗೆ ವಸತಿಯ ಮೇಲಿನ ಶೇ. 18ರ ತೆರಿಗೆ ಇಲ್ಲ. ಬಿಲ್ಲಿನಲ್ಲಿ ಐ.ಜಿ.ವಿ. ಎಂದು ಸೇರಿಸಿದ್ದರೆ ದಾಖಲೆ ತೋರಿಸಿ ತೆಗೆಸಿ. ಲಾಕರಿಗೆ ಬೀಗ ನಿಮ್ಮದೇ ಇರಲಿ, ಮಧ್ಯಮ ಗಾತ್ರದ್ದು.

ಶೌಚಾಲಯದ ಎರಡು ವಿಷಯ ಮೊದಲೇ ಗೊತ್ತಿರಲಿ. ಕಾಗದವನ್ನು ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಬುಟ್ಟಿಗೆ ಹಾಕಬೇಕು. ಪೈಪು ಸಣ್ಣದು, ಕಟ್ಟಿಕೊಳ್ಳುತ್ತದೆ. ಇನ್ನೊಂದು, ಚೊಂಬು, ಜೆಟ್ ಸ್ಪ್ರೇ ಯಾವುದೂ ಇರುವುದಿಲ್ಲ. ಮುಚ್ಚಳಕ್ಕೆ ತೂತು ಮಾಡಿದ ಅರ್ಧ ಲೀಟರ್ ಬಾಟಲಿ ಜೊತೆಗಿದ್ದರೆ ನಮ್ಮವರಿಗೆ ನೆಮ್ಮದಿ.

ಮೊದಲ ದಿನ

ಊರೊಳಗೇ ಸುತ್ತಾಡಿ. ಪ್ಲಾಸಾ ದೆ ಆರ್ಮಾಸ್ ಚೌಕ, ಲೂಸುರಿಯಾಗಾ ರಸ್ತೆ, ಮಾರುಕಟ್ಟೆ, ಇಷ್ಟು ಸಾಕು. ಹಳೆಯ ಕಟ್ಟಡಗಳನ್ನು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. 1970ರ ಮೇ 31ರ ಭೂಕಂಪದಲ್ಲಿ ಊರಿನ ಬಹುಪಾಲು ನೆಲಕಚ್ಚಿತ್ತು, ಈಗ ಕಾಣುವುದು ಆಮೇಲೆ ಕಟ್ಟಿದ್ದು. ದಿನಕ್ಕೆ ಮೂರು ಲೀಟರ್ ನೀರು, ಸ್ವಲ್ಪ ಸ್ವಲ್ಪವೇ ಊಟ, ಮದ್ಯ ಬೇಡ.

ಪರ್ವತ ಕಾಯಿಲೆಗೆ, ಅಂದರೆ ಎತ್ತರದ ತೆಳು ಗಾಳಿಯಿಂದ ಬರುವ ತಲೆನೋವು ವಾಕರಿಕೆಗೆ, ಅಸೆಟಜೋಲಮೈಡ್ ಮಾತ್ರೆ ತೆಗೆದುಕೊಳ್ಳುವವರು ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದಲೇ ಶುರುಮಾಡುತ್ತಾರೆ. ಊರಲ್ಲೇ ವೈದ್ಯರನ್ನು ಕೇಳಿ ತನ್ನಿ, ಸಲ್ಫಾ ಔಷಧದ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳ ತುದಿ ಜುಮುಜುಮು ಎನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು, ಸೋಡಾ ರುಚಿ ಕೆಟ್ಟಂತೆ ಅನಿಸುವುದು ಆ ಮಾತ್ರೆಯ ಗುಣ, ಹೆದರಬೇಕಿಲ್ಲ.

ಕೋಕಾ ಎಲೆಯ ಚಹಾ ಎಲ್ಲ ಹಾಸ್ಟೆಲಿನಲ್ಲೂ ಸಿಗುತ್ತದೆ, ಪೆರುವಿನಲ್ಲಿ ಅದು ಕಾನೂನುಬದ್ಧ. ಕುಡಿದರೆ ಹಿತ, ಆದರೆ ಅದನ್ನೇ ಔಷಧಿ ಎಂದು ನಂಬಿ ಲಕ್ಷಣಗಳನ್ನು ಕಡೆಗಣಿಸಬೇಡಿ. ಒಂದೇ ಒಂದು ಚಹಾ ಚೀಲವನ್ನೂ ನೆನಪಿಗೆಂದು ಭಾರತಕ್ಕೆ ತರಬೇಡಿ. ಕೋಕಾ ಎಲೆ ನಮ್ಮಲ್ಲಿ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮುನ್ಯಾ ಎಂಬ ಪುದೀನ ಜಾತಿಯ ಸೊಪ್ಪಿನ ಚಹಾ ಹೊಟ್ಟೆಗೂ ಒಳ್ಳೆಯದು, ಕಾನೂನಿನ ತೊಡಕೂ ಇಲ್ಲ.

ಎರಡನೇ ದಿನ ಬೆಳಗ್ಗೆ

ಎಂಟೂವರೆಗೆ ಹೊರಟರೆ ಸಾಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಒಣ ಕಾಲದಲ್ಲಿ ಬೆಳಗ್ಗೆ ಆಕಾಶ ತಿಳಿಯಾಗಿದ್ದು, ಮಧ್ಯಾಹ್ನದ ಮೇಲೆ ಹಿಮಶಿಖರಗಳ ಸುತ್ತ ಮೋಡ ಕಟ್ಟುತ್ತದೆ. ಹಾಗೆಂದು ಏಳಕ್ಕೇ ಓಡಿದರೂ ಲಾಭವಿಲ್ಲ. ವಿಲ್ಕಕೋಚ ಇರುವುದು ಕಣಿವೆಯ ಪಶ್ಚಿಮ ಬದಿಯ ಕೊರ್ದಿಯೆರಾ ನೆಗ್ರಾ ಬೆಟ್ಟಸಾಲಿನಲ್ಲಿ, ಹಿಮಶಿಖರಗಳು ಪೂರ್ವಕ್ಕೆ ಕೊರ್ದಿಯೆರಾ ಬ್ಲಾಂಕಾದಲ್ಲಿ. ಬೆಳಗಿನ ಸೂರ್ಯ ಶಿಖರಗಳ ಹಿಂದಿರುತ್ತಾನೆ, ಫೋಟೊದಲ್ಲಿ ಬರೀ ಕಪ್ಪು ಗೆರೆ ಬರುತ್ತದೆ. ಹನ್ನೊಂದರ ಮೇಲೆ ಹಿಮದ ಮೇಲೆ ಬೆಳಕು ಬೀಳತೊಡಗುತ್ತದೆ. ಹನ್ನೊಂದಕ್ಕೆ ಮೇಲೆ ತಲುಪಿ ಒಂದರವರೆಗೆ ಕೂರುವುದು ಬೆಳಕು ಮೋಡ ಎರಡಕ್ಕೂ ಹೊಂದುವ ಲೆಕ್ಕ.

ಹಾಸ್ಟೆಲಿನ ಉಚಿತ ತಿಂಡಿ ಎಂದರೆ ಎರಡು ಬನ್ನು, ಜಾಮು, ಬೆಣ್ಣೆ. ಅದಕ್ಕಿಂತ ರಸ್ತೆ ಬದಿಯ ಗಾಡಿಗೆ ಹೋಗಿ. ಸೇಬು, ಚಕ್ಕೆ, ಲವಂಗ ಹಾಕಿ ಕುದಿಸಿದ, ಕಿನ್ವಾ ಎಂಬ ಸಣ್ಣ ಕಾಳಿನ ಗಂಜಿಯನ್ನು ದೊಡ್ಡ ಪಾತ್ರೆಯಿಂದ ಲೋಟಕ್ಕೆ ಹೊಯ್ದು ಕೊಡುತ್ತಾರೆ, ಜೊತೆಗೆ ಬೆಣ್ಣೆಹಣ್ಣು ಅಥವಾ ಗಿಣ್ಣು (ಚೀಸ್) ತುಂಬಿದ ಬ್ರೆಡ್ಡು. ಎರಡೂ ಸೇರಿ ನಾಲ್ಕೈದು ಸೋಲ್. ಗಾಡಿಯ ಹೆಂಗಸನ್ನು ‘ಕಸೇರಾ’ ಅಥವಾ ‘ಕಸೆರಿತಾ’ ಎಂದು ಕರೆದರೆ ಎರಡನೇ ಸಲ ಲೋಟಕ್ಕೆ ಒಂದಿಷ್ಟು ‘ಯಾಪಾ’ ಹೊಯ್ಯುತ್ತಾರೆ, ನಮ್ಮ ಮಾರುಕಟ್ಟೆಯ ಕೊಸರೇ ಅದು. ನೂರು ಸೋಲಿನ ನೋಟು ಕೊಡಬೇಡಿ, ಚಿಲ್ಲರೆ ಎಲ್ಲೂ ಸಿಗುವುದಿಲ್ಲ.

ಅಲ್ಲೇ ಮಾರುಕಟ್ಟೆಯಲ್ಲಿ ಬುತ್ತಿ ಕಟ್ಟಿಕೊಳ್ಳಿ. ಒಬ್ಬರಿಗೆ ನಾಲ್ಕು ಬನ್ನು, ಒಂದು ಬೆಣ್ಣೆಹಣ್ಣು, 100 ಗ್ರಾಂ ಹಸಿ ಗಿಣ್ಣು, ಎರಡು ಬಾಳೆಹಣ್ಣು, ಹಿಡಿಯಷ್ಟು ಹುರಿದ ಜೋಳ. ಬೆಟ್ಟದ ಮೇಲೆ ಅಂಗಡಿ ಇರುತ್ತದೆಂದು ನಂಬಿ ಹೋಗಬೇಡಿ.

ಬ್ಯಾಗು ಐದು ಕಿಲೋ ಮೀರದಿರಲಿ. ಎರಡು ಲೀಟರ್ ನೀರು, ಬುತ್ತಿ, ಗಾಳಿ ತಡೆಯುವ ಜಾಕೆಟ್, ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 50ರ ಸನ್‌ಸ್ಕ್ರೀನ್, ತಂಪು ಕನ್ನಡಕ, ಚಿಲ್ಲರೆ, ಆಫ್‌ಲೈನ್ ನಕ್ಷೆ ಇಳಿಸಿಕೊಂಡ ಮೊಬೈಲು. ನಮ್ಮದು ಕಂದು ಚರ್ಮ, ಬಿಸಿಲು ಅಭ್ಯಾಸ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಭೂಮಧ್ಯರೇಖೆಗೆ ಹತ್ತಿರ, ಮೇಲೆ ತೆಳು ಗಾಳಿ, ತಣ್ಣಗೆ ಬೀಸುವುದರಿಂದ ಸುಡುತ್ತಿರುವುದು ಗೊತ್ತೂ ಆಗುವುದಿಲ್ಲ. ಕಿವಿ, ಕತ್ತಿನ ಹಿಂಭಾಗ, ಕೆಳತುಟಿ ಮೊದಲು ಸುಡುವ ಜಾಗಗಳು.

ದಾರಿ

ಊರಿನಿಂದ ದಕ್ಷಿಣಕ್ಕೆ ರೆಕ್ವಾಯ್ ಕಡೆ ಹೋಗುವ ಕೊಂಬಿ ವ್ಯಾನು ಹಿಡಿಯಿರಿ. ಎಲ್ಲಿ ನಿಲ್ಲುತ್ತದೆ ಎಂದು ಹಾಸ್ಟೆಲಿನಲ್ಲಿ ಕೇಳಿ, ಹತ್ತುವಾಗ ಚಾಲಕನಿಗೆ ‘ವಿಲ್ಕಕೋಚ, ಪುಯೆಂತೆ ಸಾಂತಾ ಕ್ರೂಸ್’ ಎಂದು ಹೇಳಿ. ಪುಯೆಂತೆ ಎಂದರೆ ಸೇತುವೆ. ಅರ್ಧ ಗಂಟೆಯೊಳಗೆ ತಲುಪುತ್ತದೆ, ಎರಡು ಸೋಲ್ ಆಸುಪಾಸು. ಇಳಿಯಬೇಕಾದಾಗ ‘ಬಾಹಾ!’ ಎಂದು ಗಟ್ಟಿಯಾಗಿ ಕೂಗಬೇಕು, ಸುಮ್ಮನಿದ್ದರೆ ವ್ಯಾನು ಮುಂದಕ್ಕೆ ಹೋಗಿಬಿಡುತ್ತದೆ.

ಸೇತುವೆ ದಾಟಿ ಸಾಂತಾ ನದಿಯ ಆಚೆ ದಡಕ್ಕೆ ಬಂದ ಕೂಡಲೇ ಏರು ಶುರು. ವಾಹನದ ಮಣ್ಣು ರಸ್ತೆ ಸುತ್ತಿ ಬಳಸಿ ಹೋಗುತ್ತದೆ, ಕಾಲುದಾರಿ ಅದನ್ನು ಅಲ್ಲಲ್ಲಿ ಅಡ್ಡಕ್ಕೆ ಕತ್ತರಿಸಿಕೊಂಡು ನೇರ ಏರುತ್ತದೆ. ಮಣ್ಣಿನಿಟ್ಟಿಗೆಯ ಮನೆಗಳು, ನೀಲಗಿರಿ ಮರಗಳು, ಜೋಳ ಆಲೂಗಡ್ಡೆಯ ಹೊಲಗಳು. ಕವಲು ಬಂದಾಗ ಹೆಚ್ಚು ಸವೆದ ದಾರಿ ಹಿಡಿಯಿರಿ, ಅನುಮಾನವಿದ್ದರೆ ಹೊಲದಲ್ಲಿದ್ದವರಿಗೆ ‘ಬುಯೆನೋಸ್ ದಿಯಾಸ್’ ಹೇಳಿ ‘ವಿಲ್ಕಕೋಚ?’ ಎಂದು ಕೈ ತೋರಿಸಿದರೆ ಸಾಕು. ದಾರಿ ಹೋಗುವುದು ಜನರ ಹೊಲ ಮನೆಗಳ ನಡುವೆ. ಬೇಲಿ ದಾಟಬೇಡಿ, ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡಿ. ಹಳ್ಳಿಯವರು ಐದು ಸೋಲಿನಂಥ ಸಣ್ಣ ಪ್ರವೇಶ ಶುಲ್ಕ ಕೇಳಿದರೆ ಕೊಟ್ಟುಬಿಡಿ.

ನಾಯಿಗಳು ಬೊಗಳುತ್ತಾ ಬರುತ್ತವೆ. ಓಡಬಾರದು. ನೆಲಕ್ಕೆ ಬಗ್ಗಿ ಕಲ್ಲೆತ್ತಿಕೊಂಡಂತೆ ಮಾಡಿದರೆ ಹಿಂದೆ ಸರಿಯುತ್ತವೆ, ಎಸೆಯುವ ಪ್ರಮೇಯ ಬರುವುದಿಲ್ಲ. ಕಚ್ಚಿದರೆ ಮಾತ್ರ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು.

ಈಗ ನಡಿಗೆಯ ವೇಗ. ಕುದುರೆಮುಖವನ್ನೋ ಕುಮಾರಪರ್ವತವನ್ನೋ ಲೀಲಾಜಾಲವಾಗಿ ಹತ್ತಿದವರೇ ಇಲ್ಲಿ ಹೆಚ್ಚು ಎಡವುವುದು. ಕಾಲಿಗೆ ಶಕ್ತಿಯಿದೆ, ಶ್ವಾಸಕೋಶಕ್ಕೆ ಗಾಳಿಯಿಲ್ಲ. ಮೊದಲ ಇಪ್ಪತ್ತು ನಿಮಿಷ ಬೇಕೆಂದೇ ಅತಿ ನಿಧಾನವಾಗಿ ನಡೆಯಿರಿ. ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ ವೇಗ ಜಾಸ್ತಿಯಾಯಿತೆಂದೇ ಅರ್ಥ. ಕಡಿದಾದ ಕಡೆ ಪ್ರತಿ ಹೆಜ್ಜೆಗೂ ಹಿಂದಿನ ಕಾಲನ್ನು ಮೊಣಕಾಲು ನೆಟ್ಟಗೆ ಮಾಡಿ, ಭಾರವನ್ನು ಅದರ ಮೇಲೆ ಬಿಟ್ಟು ಒಂದು ಉಸಿರೆಳೆದು ಮುಂದಿನ ಹೆಜ್ಜೆ ಇಡಿ. ಮಾಂಸಖಂಡಕ್ಕೆ ಕ್ಷಣದ ವಿಶ್ರಾಂತಿ ಸಿಗುತ್ತದೆ, ಎದೆಬಡಿತ ಹತೋಟಿಯಲ್ಲಿರುತ್ತದೆ. ಓಡಿ, ನಿಂತು, ಏದುಸಿರು ಬಿಟ್ಟು ಮತ್ತೆ ಓಡುವುದಕ್ಕಿಂತ ಹೀಗೆ ನಡೆದರೆ ಬೇಗ ತಲುಪುತ್ತೀರಿ. ಸುಮಾರು ನಾಲ್ಕು ಕಿಲೋಮೀಟರಿಗೆ ಎರಡು ಗಂಟೆ ಸರಿಯಾದ ಸಮಯ, ಎರಡೂವರೆಯಾದರೂ ಚಿಂತೆಯಿಲ್ಲ.

ಮೇಲೆ ಕಾಣುವ ಸರೋವರ ನಮ್ಮೂರ ಸಣ್ಣ ಕೆರೆಯಷ್ಟೇ. ಅಂಚಿನಲ್ಲಿ ಜೊಂಡು, ಒಂದಷ್ಟು ಬಾತು, ಮೇಯುವ ದನ. ಹಿಮ ಕರಗಿದ ನೀಲಿ ನೀರನ್ನು ಬಯಸಿ ಬಂದವರಿಗೆ ನಿರಾಸೆಯೇ. ಇಲ್ಲಿ ಬೆನ್ನು ಕೆರೆಗೆ, ಮುಖ ಪೂರ್ವಕ್ಕೆ. ಕಣಿವೆಯಾಚೆ ಎಡಗಡೆ ದೂರದಲ್ಲಿ ಪೆರುವಿನ ಅತಿ ಎತ್ತರದ ಹುವಾಸ್ಕರಾನ್, 6,768 ಮೀಟರ್. ಪಟ್ಟಣದ ನೇರಕ್ಕೆ ವಯ್ಯುನರಾಹು, ರಾನ್ರಪಾಲ್ಕ. ಬಲಕ್ಕೆ 6,395 ಮೀಟರಿನ ಹುವಾಂತ್ಸಾನ್. ನಕ್ಷೆಯನ್ನು ಪೂರ್ವಕ್ಕೆ ತಿರುಗಿಸಿ ಹಿಡಿದು ಒಂದೊಂದೇ ಗುರುತಿಸುತ್ತಾ ಕೂರಿ, ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಎತ್ತರದಲ್ಲಿ ಹಾಗೆ ಕೂತ ಹೊತ್ತೂ ದೇಹಕ್ಕೆ ತಾಲೀಮೇ. ಬೆವರು ಆರುವ ಮೊದಲೇ ಜಾಕೆಟ್ ಹಾಕಿಕೊಳ್ಳಿ. ಕೆರೆಯ ನೀರು ಕುಡಿಯಲು ಬೇಡ.

ಇಳಿಯಲು ಒಂದೂವರೆ ಗಂಟೆ. ಒಣ ಕಾಲದ ಹುಡಿ ಮಣ್ಣು ಕಾಲಡಿ ಜಾರುತ್ತದೆ, ಮಳೆಗಾಲದಲ್ಲಿ ಅದೇ ಮಣ್ಣು ಅಂಟು ಕೆಸರು. ಒಂದು ಕೋಲಿದ್ದರೆ ಮೊಣಕಾಲಿಗೆ ಉಪಕಾರ. ವಾಪಸ್ ವ್ಯಾನಿಗೆ, ಬೆಳಗ್ಗೆ ಇಳಿದ ಬದಿಯ ಎದುರು ಬದಿಯಲ್ಲಿ ನಿಲ್ಲಿ. ಪೆರುವಿನಲ್ಲಿ ವಾಹನಗಳು ಬಲಗಡೆ ಓಡುತ್ತವೆ, ಅಭ್ಯಾಸಬಲದಿಂದ ತಪ್ಪು ಬದಿಯಲ್ಲಿ ನಿಲ್ಲುವುದು, ರಸ್ತೆ ದಾಟುವಾಗ ತಪ್ಪು ಕಡೆ ನೋಡುವುದು ನಮ್ಮವರಿಗೆ ಸಹಜ. ಸಂಜೆ ಐದರೊಳಗೆ ರಸ್ತೆಯಲ್ಲಿರಿ. ಆರೂ ಕಾಲರ ಹೊತ್ತಿಗೆ ಕತ್ತಲಾಗುತ್ತದೆ.

ತಲೆನೋವು ಬಂದರೆ? ಸಣ್ಣಗಿದ್ದರೆ ಕೂತು ನೀರು ಕುಡಿದು, ಏನಾದರೂ ತಿಂದು ಅರ್ಧ ಗಂಟೆ ಕಾಯಿರಿ. ಜೊತೆಗೆ ವಾಕರಿಕೆ ಸೇರಿದರೆ ಏರುವುದು ನಿಲ್ಲಿಸಿ ಇಳಿಯಿರಿ. ಸುಮ್ಮನೆ ಕೂತಾಗಲೂ ಏದುಸಿರು, ಎಡೆಬಿಡದ ಕೆಮ್ಮು, ಮಾತಿನಲ್ಲಿ ಗೊಂದಲ, ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ಜೋಡಿಸಿ ಗೆರೆಯ ಮೇಲೆ ನಡೆಯಲಾಗದೆ ತೂರಾಡುವುದು, ಇವು ಪ್ರಾಣಕ್ಕೆ ಕುತ್ತು ತರುವ ಲಕ್ಷಣಗಳು. ಹುವಾರಾಸ್‌ನ ವಿಕ್ತೋರ್ ರಾಮೋಸ್ ಗ್ವಾರ್ದಿಯಾ ಆಸ್ಪತ್ರೆಗೆ ಕೂಡಲೇ ಹೋಗಿ. ಆಂಬುಲೆನ್ಸ್ 106, ಪೊಲೀಸ್ 105. ಅಷ್ಟು ಗಂಭೀರವಲ್ಲದೆ ಊರಿನಲ್ಲೂ ಎರಡು ದಿನ ಸುಧಾರಿಸದಿದ್ದರೆ ಗಾಬರಿಯಿಂದ ಲಿಮಾ ಬಸ್ಸು ಹತ್ತಬೇಡಿ, ಆ ದಾರಿ ಮತ್ತೆ 4,100 ಮೀಟರಿಗೆ ಏರುತ್ತದೆ. ಉತ್ತರಕ್ಕೆ ಕಣಿವೆಯುದ್ದಕ್ಕೂ ಇಳಿಯುತ್ತಾ ಹೋದರೆ ಸುಮಾರು 2,250 ಮೀಟರ್ ಎತ್ತರದ ಕರಾಸ್ ಪಟ್ಟಣ ಸಿಗುತ್ತದೆ, ವ್ಯಾನಿನಲ್ಲಿ ಎರಡು ಗಂಟೆಯೊಳಗೆ. ಎರಡು ರಾತ್ರಿ ಅಲ್ಲಿ ಮಲಗಿದರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ.

ಮಧ್ಯಾಹ್ನದ ಮೇಲೆ

ಹಾಸ್ಟೆಲಿಗೆ ಬಂದವರೇ ಹಾಸಿಗೆಗೆ ಬೀಳಬೇಡಿ. ಮೂರರಿಂದ ನಾಲ್ಕೂವರೆಯೊಳಗೆ ಸ್ನಾನ ಮುಗಿಸಿ. ಬಿಸಿಲು ಇಳಿದ ಮೇಲೆ ಸ್ನಾನದ ಮನೆ ಕೊರೆಯುತ್ತದೆ, ಎಲ್ಲರೂ ಒಟ್ಟಿಗೆ ಬಂದು ಬಿಸಿನೀರೂ ಖಾಲಿಯಾಗಿರುತ್ತದೆ. ವಿದ್ಯುತ್ ಶವರಾದರೆ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ತಣ್ಣೀರು ಬರುತ್ತದೆ. ನೀರು ಸಣ್ಣಗೆ ಬಿಟ್ಟಷ್ಟೂ ಬಿಸಿ. ಶವರಿನ ತಲೆಯನ್ನೂ ಅದರ ತಂತಿಯನ್ನೂ ಒದ್ದೆ ಕೈಯಲ್ಲಿ ಮುಟ್ಟಲೇಬೇಡಿ. ಬಟ್ಟೆಯನ್ನು ಕಿಲೋ ಲೆಕ್ಕದಲ್ಲಿ ಒಗೆದುಕೊಡುವ ಅಂಗಡಿಗಳು ಪ್ರತಿ ಬೀದಿಯಲ್ಲೂ ಇವೆ.

ನಲ್ಲಿ ನೀರು ಕುಡಿಯಬೇಡಿ. ಕುದಿಸುವುದಾದರೆ ಈ ಎತ್ತರದಲ್ಲಿ ಉಕ್ಕಲು ಶುರುವಾದ ಮೇಲೆ ಮೂರು ನಿಮಿಷ ಬಿಡಬೇಕು.

ಹಾಸ್ಟೆಲ್ ಅಡುಗೆಮನೆ

ಹುವಾರಾಸ್‌ನಲ್ಲಿ ನೀರು ಕುದಿಯುವುದು ಸುಮಾರು 90 ಡಿಗ್ರಿಗೆ. ಎಷ್ಟು ಉರಿ ಹೆಚ್ಚಿಸಿದರೂ ಅದಕ್ಕಿಂತ ಬಿಸಿಯಾಗದು, ಆವಿ ಮಾತ್ರ ಜಾಸ್ತಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೊರಟವರು ಎರಡು ಗಂಟೆ ಒಲೆ ಆಕ್ರಮಿಸಿ ಕೊನೆಗೂ ಕಲ್ಲಿನಂಥ ಕಾಳು ತಿನ್ನುತ್ತಾರೆ, ಸಾಲಿನಲ್ಲಿ ಕಾದವರ ಕೆಂಗಣ್ಣು ಬೇರೆ. ಕುಕ್ಕರ್ ಇದ್ದರೆ ಸರಿ, ಇಲ್ಲದಿದ್ದರೆ ಬೇಳೆಯ ಆಸೆ ಬಿಡಿ. ಅವಲಕ್ಕಿಗೆ ಕುದಿಯುವ ಹಂಗೇ ಇಲ್ಲ, ಅದಕ್ಕೇ ಮೇಲೆ ಹೇಳಿದ್ದು. ಆಲೂಗಡ್ಡೆಯನ್ನು ಎರಡು ಸೆಂಟಿಮೀಟರ್ ಹೋಳು ಮಾಡಿ ಬೇಯಿಸಿ, ಗಟ್ಟಿ ಮೊಟ್ಟೆಗೆ ನಾಲ್ಕೈದು ನಿಮಿಷ ಹೆಚ್ಚಿಗೆ ಕೊಡಿ.

ಇಲ್ಲಿನ ಸಾಮಾನಿನಲ್ಲೇ ಚೆನ್ನಾಗಿ ಆಗುವುದು ಕಿನ್ವಾ ಉಪ್ಪಿಟ್ಟು. ಇಬ್ಬರಿಗೆ ಒಂದು ಲೋಟ ಕಿನ್ವಾ. ನೊರೆ ಬರುವುದು ನಿಲ್ಲುವ ತನಕ ನಾಲ್ಕೈದು ನೀರಿನಲ್ಲಿ ಉಜ್ಜಿ ತೊಳೆಯಿರಿ. ಆ ನೊರೆಯೇ ಸಪೋನಿನ್, ಉಳಿದರೆ ಉಪ್ಪಿಟ್ಟು ಕಹಿ. ಎಣ್ಣೆಯಲ್ಲಿ ಹಿಡಿಯಷ್ಟು ಕಡಲೆಬೀಜ ಕೆಂಪಗೆ ಹುರಿದು, ಹೆಚ್ಚಿದ ಒಂದು ದೊಡ್ಡ ಈರುಳ್ಳಿ, ಒಂದು ಕ್ಯಾರೆಟ್, ಚಿಟಿಕೆ ಪಲಿಯೊ ಹಾಕಿ ಬಾಡಿಸಿ. ಪಲಿಯೊ ಎಂದು ಮಾರುವುದು ಅರಿಶಿನದ ಪುಡಿ. ಕಿನ್ವಾ ಹಾಕಿ ಎರಡು ನಿಮಿಷ ಹುರಿದು, ಎರಡೂಕಾಲು ಲೋಟ ನೀರು, ಉಪ್ಪು ಸೇರಿಸಿ ಮುಚ್ಚಿ, ಸಣ್ಣ ಉರಿಯಲ್ಲಿ 25 ನಿಮಿಷ ಇಡಿ. ಕಾಳಿನಿಂದ ಬಿಳಿ ಎಳೆ ಬಿಚ್ಚಿಕೊಂಡರೆ ಬೆಂದಿದೆ. ಹತ್ತು ನಿಮಿಷ ಹಾಗೇ ಬಿಟ್ಟು ನಿಂಬೆರಸ, ಕೊತ್ತಂಬರಿ ಸೊಪ್ಪು. ಇಲ್ಲಿ ಕೊತ್ತಂಬರಿಯನ್ನು ‘ಕುಲಾಂತ್ರೊ’ ಎಂದು ಕೇಳಿ.

ಮೆಣಸಿನಕಾಯಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಸಣ್ಣ ಕೆಂಪು ದೊಣ್ಣೆಮೆಣಸಿನಂತೆ ಮುದ್ದಾಗಿ ಕಾಣುವ ರೊಕೋತೊ ಪಲ್ಯಕ್ಕೆ ಹಾಕುವಂಥದ್ದಲ್ಲ. ಕತ್ತರಿಸಿದಾಗ ಬೀಜ ಕಪ್ಪಗಿದ್ದರೆ ಅದು ರೊಕೋತೊ. ಬ್ಯಾಡಗಿ ತಿಂದು ಬೆಳೆದವರ ಕಣ್ಣಲ್ಲೂ ನೀರು ಬರಿಸುತ್ತದೆ. ಒಂದು ಕಾಯಿಯ ಎಂಟನೇ ಒಂದು ಭಾಗ ಇಬ್ಬರಿಗೆ ಧಾರಾಳ.

ಬಳಸಿದ ಪಾತ್ರೆಯನ್ನು ಉಣ್ಣುವ ಮೊದಲೇ ತೊಳೆದಿಡುವುದು ಒಳ್ಳೆಯ ರೂಢಿ, ಇರುವುದು ಎರಡೋ ಮೂರೋ ಬಾಣಲೆ. ಫ್ರಿಜ್ಜಿನಲ್ಲಿಟ್ಟ ಪೊಟ್ಟಣಕ್ಕೆ ಹೆಸರು, ಹೊರಡುವ ದಿನಾಂಕ ಬರೆಯಿರಿ. ಬರೆಯದಿದ್ದರೆ ಎಲ್ಲರ ಸ್ವತ್ತು.

ಹೊರಗೆ ತಿನ್ನುವ ಸಸ್ಯಾಹಾರಿಗಳು ‘ಸಿನ್ ಕಾರ್ನೆ’ ಎಂದರೆ ಕೋಳಿ ಬರುವ ಸಾಧ್ಯತೆಯುಂಟು, ಕಾರ್ನೆ ಎಂದರೆ ಅನೇಕರಿಗೆ ದನದ ಮಾಂಸವಷ್ಟೇ. ‘ನೋ ಕೋಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ’ ಎಂದು ಕೋಳಿ ಮೀನು ಎರಡನ್ನೂ ಹೆಸರಿಸಿ. ತರಕಾರಿ ಸೂಪಿನ ತಳದಲ್ಲೂ ಸಾಮಾನ್ಯವಾಗಿ ಮೂಳೆಯ ರಸವೇ ಇರುತ್ತದೆ. ಮಾರುಕಟ್ಟೆಯ ಚೊಚೊ ಸೆವಿಚೆ ನಿಶ್ಚಿಂತೆಯಿಂದ ತಿನ್ನಬಹುದಾದದ್ದು. ಕಹಿ ತೆಗೆದ ಲೂಪಿನ್ ಕಾಳಿಗೆ ಈರುಳ್ಳಿ, ಟೊಮೆಟೊ, ನಿಂಬೆರಸ, ಖಾರ ಬೆರೆಸಿ ಕೊಡುತ್ತಾರೆ, ಹೆಚ್ಚು ಕಡಿಮೆ ನಮ್ಮ ಕೋಸಂಬರಿ. ಕಡಲೆಬೀಜದ ಅಲರ್ಜಿ ಇರುವವರು ಮಾತ್ರ ಮುಟ್ಟಬಾರದು, ಲೂಪಿನ್ ಕೂಡ ಅದೇ ಬಗೆಯ ಪ್ರತಿಕ್ರಿಯೆ ತರಬಲ್ಲದು.

ರಾತ್ರಿ, ಮತ್ತು ನಾಳೆಯ ತೀರ್ಮಾನ

ಮೊದಲ ರಾತ್ರಿಗಳಲ್ಲಿ ನಿದ್ದೆ ತುಂಡು ತುಂಡು. ಉಸಿರು ಒಂದು ಕ್ಷಣ ನಿಂತು ದೊಡ್ಡದಾಗಿ ಎಳೆದುಕೊಂಡಂತಾಗಿ ಎಚ್ಚರವಾಗುವುದು ಎತ್ತರದಲ್ಲಿ ಸಾಮಾನ್ಯ. ನಿದ್ದೆ ಮಾತ್ರೆ ತೆಗೆದುಕೊಳ್ಳಬೇಡಿ, ಕೆಲವು ಮಾತ್ರೆಗಳು ಉಸಿರಾಟವನ್ನೇ ಕುಗ್ಗಿಸುತ್ತವೆ. ಲೋಹದ ಬಾಟಲಿಗೆ ಬಿಸಿನೀರು ತುಂಬಿ ಕಾಲ್ಚೀಲದೊಳಗೆ ಹಾಕಿ ಕಾಲ ಬಳಿ ಇಟ್ಟುಕೊಂಡರೆ ಮಧ್ಯರಾತ್ರಿಯವರೆಗೆ ಬೆಚ್ಚಗೆ.

ಡಾರ್ಮಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೇ ಯಾರಾದರೂ ಚಾರಣಕ್ಕೆ ಏಳುತ್ತಾರೆ, ಕಿವಿಗೆ ಇಯರ್‌ಪ್ಲಗ್ ಇರಲಿ. ನಾಳೆ ನಿಮ್ಮ ಸರದಿಯಾದರೆ ಬ್ಯಾಗನ್ನು ರಾತ್ರಿಯೇ ಕಟ್ಟಿ ಬಾಗಿಲ ಬಳಿ ಇಡಿ. ಪ್ಲಾಸ್ಟಿಕ್ ಕವರುಗಳ ಸರಬರ ಸದ್ದಿಗೆ ಇಡೀ ಕೋಣೆ ಏಳುತ್ತದೆ, ಬಟ್ಟೆ ಚೀಲ ಬಳಸಿ.

ಮೂರನೇ ಬೆಳಗ್ಗೆ ತಲೆನೋವಿಲ್ಲದೆ ಎದ್ದು, ತಿಂಡಿ ರುಚಿಸಿದರೆ ಆ ದಿನ ಚುರುಪ್ ಸರೋವರಕ್ಕೆ ಹೋಗಬಹುದು. ಎತ್ತರ ಸುಮಾರು 4,450 ಮೀಟರ್, ಕೊನೆಯಲ್ಲಿ ಕೇಬಲ್ ಹಿಡಿದು ಹತ್ತುವ ಬಂಡೆಗಳಿವೆ. ಅದು ಅತಿಯೆನಿಸಿದರೆ ಊರಿನ ಉತ್ತರಕ್ಕೆ ವಿಲ್ಕವಾಯಿನ್‌ನ ಇಂಕಾಗಳಿಗೂ ಹಿಂದಿನ ವಾರಿ ಸಂಸ್ಕೃತಿಯ ಕಾಲದ ಕಲ್ಲಿನ ಕಟ್ಟಡಗಳಿಗೆ ನಡೆದು ಬನ್ನಿ. ಲಗೂನಾ 69 ನಾಲ್ಕನೇ ಅಥವಾ ಐದನೇ ದಿನಕ್ಕೆ. ಹಿಂದಿನ ಸಂಜೆ ಏಜೆನ್ಸಿಯಲ್ಲಿ ಸೀಟು ಹೇಳಿದರೆ ಸಾಕು, ವ್ಯಾನು ಬೆಳಗ್ಗೆ ಐದರ ಹೊತ್ತಿಗೆ ಹಾಸ್ಟೆಲಿನ ಬಾಗಿಲಿಗೇ ಬರುತ್ತದೆ. ಹುವಾಸ್ಕರಾನ್ ರಾಷ್ಟ್ರೀಯ ಉದ್ಯಾನದ ಒಂದು ದಿನದ ಟಿಕೆಟ್ 30 ಸೋಲ್ ಸಾಮಾನ್ಯವಾಗಿ ಪ್ರತ್ಯೇಕ, ನಗದು ಇಟ್ಟುಕೊಳ್ಳಿ. ಉದ್ಯಾನದಲ್ಲಿ ಹಲವು ದಿನ ಕಳೆಯುವವರು ಹೆಚ್ಚಿನ ಅವಧಿಯ ಟಿಕೆಟ್ಟನ್ನೇ ಕೇಳಿ, ದಿನಕ್ಕೊಂದು ಕೊಳ್ಳುವುದಕ್ಕಿಂತ ಅಗ್ಗ. ಬೆಳಗ್ಗೆ ತಲೆ ಭಾರವಿದ್ದರೆ ಸೀಟು ಹೇಳಬೇಡಿ, ಹೇಳಿದ್ದರೂ ಮುಂದಕ್ಕೆ ಹಾಕಿಸಿ.